ಮ್ಯೂಚುವಲ್ ಫಂಡ್ ದರಪಟ್ಟಿ

ಮ್ಯೂಚುವಲ್ ಫಂಡ್ ದರಪಟ್ಟಿ ಎಂದರೆ ಪ್ರತಿಯೊಂದು ಯೋಜನೆಯ ಒಂದು ಯೂನಿಟ್ಟಿನ ನಿವ್ವಳ ಆಸ್ತಿ ಮೌಲ್ಯವನ್ನು (ಎನ್‌ಎವಿ) ತೋರಿಸುವ ಪಟ್ಟಿ. ಭಾರತದಲ್ಲಿ ಇದನ್ನು ಫಂಡ್ ಸಂಸ್ಥೆಗಳು ತಮ್ಮ ಜಾಲತಾಣಗಳಲ್ಲಿಯೂ ಅವುಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿಯೂ ಪ್ರತಿ ವ್ಯವಹಾರ ದಿನ ಪ್ರಕಟಿಸುತ್ತವೆ.

ಲೆಕ್ಕಾಚಾರ

ಯೋಜನೆಯ ಒಟ್ಟು ಆಸ್ತಿಯಿಂದ ಹೊಣೆ ಹಾಗೂ ವೆಚ್ಚಗಳನ್ನು ಕಳೆದು, ಉಳಿದುದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಲಾಗುತ್ತದೆ. ಆಸ್ತಿ 105 ಕೋಟಿ ರೂಪಾಯಿ, ಹೊಣೆ 5 ಕೋಟಿ ರೂಪಾಯಿ, ಯೂನಿಟ್‌ಗಳು 4 ಕೋಟಿ ಇದ್ದರೆ ಎನ್‌ಎವಿ 25 ರೂಪಾಯಿ.

ಮಂಡ್ಯದ ಮಾರುಕಟ್ಟೆಯಲ್ಲಿ ಬೆಲ್ಲದ ದರವು ಗುಣಮಟ್ಟ ಹಾಗೂ ಖರೀದಿದಾರರ ಪೈಪೋಟಿಯಂತೆ ಬದಲಾಗುತ್ತದೆ. ಎನ್‌ಎವಿ ಹಾಗಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಥವಾ ಮುಂಬಯಿ, ಎಲ್ಲಿಂದ ಹೂಡಿದರೂ ಒಂದೇ ಯೋಜನೆಯ ಒಂದೇ ವಿಧಕ್ಕೆ ಆ ದಿನ ಒಂದೇ ಎನ್‌ಎವಿ ಇರುತ್ತದೆ.

ಓದುವ ಕ್ರಮ

* ದಿನಾಂಕ: ಪಟ್ಟಿಯಲ್ಲಿ ಕಾಣುವುದು ಹಿಂದಿನ ವ್ಯವಹಾರ ದಿನದ ದರವಾಗಿರಬಹುದು. ಹೆಚ್ಚಿನ ಯೋಜನೆಗಳಲ್ಲಿ ಅರ್ಜಿ ಮತ್ತು ಹಣ ಎರಡೂ ಮಧ್ಯಾಹ್ನ 3 ಗಂಟೆಯೊಳಗೆ ತಲುಪಿದರೆ ಆ ದಿನದ, ತಡವಾದರೆ ಮುಂದಿನ ವ್ಯವಹಾರ ದಿನದ ಎನ್‌ಎವಿ ಅನ್ವಯಿಸುತ್ತದೆ. ಲಿಕ್ವಿಡ್ ಫಂಡ್‌ಗಳ ನಿಯಮ ಬೇರೆ.
* ಡೈರೆಕ್ಟ್ ಮತ್ತು ರೆಗ್ಯುಲರ್: 2013ರ ಜನವರಿಯಿಂದ ಜಾರಿಯಲ್ಲಿರುವ ಡೈರೆಕ್ಟ್ ವಿಧದಲ್ಲಿ ವಿತರಕರ ಕಮಿಷನ್ ಇಲ್ಲ. ವೆಚ್ಚ ಕಡಿಮೆಯಾದ್ದರಿಂದ ಕಾಲಕ್ರಮದಲ್ಲಿ ಅದರ ಎನ್‌ಎವಿ ಹೆಚ್ಚಾಗಿರುತ್ತದೆ.
* ಗ್ರೋತ್ ಮತ್ತು ಐಡಿಸಿಡಬ್ಲ್ಯು: ಗ್ರೋತ್‌ನಲ್ಲಿ ಲಾಭವು ಯೋಜನೆಯಲ್ಲಿಯೇ ಉಳಿಯುತ್ತದೆ. ಹಿಂದೆ ಡಿವಿಡೆಂಡ್ ಎನಿಸಿಕೊಂಡಿದ್ದ ಐಡಿಸಿಡಬ್ಲ್ಯುನಲ್ಲಿ ಹಣ ಹಂಚಿದಷ್ಟೂ ಎನ್‌ಎವಿ ಇಳಿಯುತ್ತದೆ.

ತಪ್ಪು ತಿಳಿವಳಿಕೆ

10 ರೂಪಾಯಿಯ ಯೂನಿಟ್ ಅಗ್ಗ, 100 ರೂಪಾಯಿಯದು ದುಬಾರಿ ಎಂಬ ಭಾವನೆ ಸರಿಯಲ್ಲ. 10,000 ರೂಪಾಯಿಗೆ ಮೊದಲನೆಯದರಲ್ಲಿ 1,000, ಎರಡನೆಯದರಲ್ಲಿ 100 ಯೂನಿಟ್ ದೊರೆಯುತ್ತವೆ. ಎರಡೂ ಶೇ. 10ರಷ್ಟು ಏರಿದರೆ ಎರಡರ ಮೌಲ್ಯವೂ 11,000 ರೂಪಾಯಿ. ಆದ್ದರಿಂದ ಹೋಲಿಸಬೇಕಾದುದು ಎನ್‌ಎವಿಯ ಗಾತ್ರವನ್ನಲ್ಲ. ಒಂದೇ ಅವಧಿಯಲ್ಲಿ ಅದು ಬದಲಾದ ಶೇಕಡಾವಾರು ಪ್ರಮಾಣ, ವೆಚ್ಚ ಮತ್ತು ಅಪಾಯಗಳನ್ನು.

ಮಹತ್ವ

ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಆರಂಭಿಸಿದ ಯುಎಸ್-64 ಯೋಜನೆಯ ದರವನ್ನು ಎನ್‌ಎವಿಗೆ ಜೋಡಿಸದೆ ಸಂಸ್ಥೆಯೇ ನಿಗದಿಪಡಿಸುತ್ತಿತ್ತು. ಘೋಷಿತ ದರ ಆಸ್ತಿಯ ನಿಜಮೌಲ್ಯವನ್ನು ಮೀರಿದುದರಿಂದ 2001ರ ಜುಲೈಯಲ್ಲಿ ಮಾರಾಟ ಹಾಗೂ ಮರುಖರೀದಿ ಸ್ಥಗಿತಗೊಂಡು ಲಕ್ಷಾಂತರ ಉಳಿತಾಯಗಾರರು ಸಂಕಷ್ಟಕ್ಕೆ ಸಿಲುಕಿದರು. 2002ರ ಜನವರಿಯಿಂದ ಆ ಯೋಜನೆಯೂ ಎನ್‌ಎವಿ ಆಧಾರಿತವಾಯಿತು.