ಮಧ್ಯವರ್ತಿ ಭಾಷೆ ಮತ್ತು ಅರ್ಥನಷ್ಟ: ಇಂಗ್ಲಿಷಿನ ಮೂರು ಸಾಮಾನ್ಯ ಪದಗಳಿಗೆ ಕನ್ನಡ ಹಾಗೂ ನಾರ್ವೇಜಿಯನ್ ಸಂವಾದಿಗಳು

1. ಪೀಠಿಕೆ

ನೇರ ಸಂಪರ್ಕವಿಲ್ಲದ ಎರಡು ಭಾಷೆಗಳ ನಡುವೆ ಪದಕೋಶವನ್ನು ಸಿದ್ಧಪಡಿಸುವಾಗ ಸಾಮಾನ್ಯವಾಗಿ ಇಂಗ್ಲಿಷ್ ಮಧ್ಯವರ್ತಿಯಾಗುತ್ತದೆ. ಕನ್ನಡ ಮತ್ತು ನಾರ್ವೇಜಿಯನ್ ಭಾಷೆಗಳ ಸಂಬಂಧವೂ ಹೀಗೆಯೇ ಬೆಳೆದಿದೆ. ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊ ಅವರು ಭಾರತೀಯ ಭಾಷಾ ಸಮೀಕ್ಷೆಗಾಗಿ ಸಿದ್ಧಪಡಿಸಿದ ಮುಂಡಾ ಮತ್ತು ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಪ್ರಕಟವಾಯಿತು. ಅದರಲ್ಲಿಯೂ ಕನ್ನಡವನ್ನು ಅಳೆದ ಮಾನದಂಡ 241 ಇಂಗ್ಲಿಷ್ ಪದ ಹಾಗೂ ವಾಕ್ಯಗಳ ಪಟ್ಟಿಯೇ. ಇಂಗ್ಲಿಷಿನ ಮೂಲಕ ಸಾಗುವಾಗ, ಎರಡೂ ತುದಿಯ ಭಾಷೆಗಳು ಉಳಿಸಿಕೊಂಡಿರುವ ಅರ್ಥಭೇದಗಳು ನಡುವೆ ಅಳಿಸಿಹೋಗಬಹುದೆಂಬುದನ್ನು ನಾವು ಇಲ್ಲಿ ತೋರಿಸುತ್ತೇವೆ.

ಕನ್ನಡದ ಉದಾಹರಣೆಗಳಿಗೆ ಗದಗ ಜಿಲ್ಲೆಯ ಅಡರಕಟ್ಟಿ, ಲಕ್ಷ್ಮೇಶ್ವರ ಪರಿಸರದ ಆಡುಮಾತನ್ನು ಆಧರಿಸಿದ್ದೇವೆ. ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಸ್ಥಳಗಳಲ್ಲಿ ಅದೂ ಒಂದು. ನಾರ್ವೇಜಿಯನ್ ರೂಪಗಳು ಬುಕ್ಮೋಲ್ ಬರಹರೂಢಿಗೆ ಸೇರಿದವು.

2. 'ನೋ'

ಒಂದು ಸಂಗತಿಯನ್ನು, ಒಬ್ಬ ವ್ಯಕ್ತಿಯನ್ನು, ಒಂದು ಭಾಷೆಯನ್ನು ಅರಿತಿರುವುದಕ್ಕೆ ಇಂಗ್ಲಿಷಿನಲ್ಲಿ ಈ ಒಂದೇ ಕ್ರಿಯಾಪದ ಸಾಕು. ನಾರ್ವೇಜಿಯನ್ನಿನಲ್ಲಿ ಸಂಗತಿಗೆ 'ವೀಟೆ', ವ್ಯಕ್ತಿಗೆ 'ಶೆನ್ನೆ', ಭಾಷೆ ಅಥವಾ ಕೌಶಲಕ್ಕೆ 'ಕುನ್ನೆ' ಬಳಕೆಯಾಗುತ್ತವೆ. ಅಡರಕಟ್ಟಿ ಪರಿಸರದಲ್ಲಿ 'ನನಗ ಆ ಸುದ್ದಿ ಗೊತ್ತೈತಿ' ಎನ್ನುವವರು ಕೌಶಲದ ವಿಷಯದಲ್ಲಿ 'ನನಗ ಈಜಾಕ ಬರ್ತೈತಿ' ಎನ್ನುತ್ತಾರೆ. 'ಗೊತ್ತು' ಎಂಬುದು ವ್ಯಕ್ತಿಗಳಿಗೂ ಅನ್ವಯಿಸುವುದರಿಂದ ಅದು 'ವೀಟೆ', 'ಶೆನ್ನೆ' ಎರಡರ ವ್ಯಾಪ್ತಿಯನ್ನೂ ಒಳಗೊಳ್ಳುತ್ತದೆ. 'ಬರು' ಮಾತ್ರ 'ಕುನ್ನೆ'ಗೆ ಬಹಳ ಹತ್ತಿರದ್ದು. ಆದರೆ ವಾಕ್ಯರಚನೆ ಭಿನ್ನ: ಕನ್ನಡದಲ್ಲಿ ಅರಿಯುವವನು ಚತುರ್ಥಿಯಲ್ಲಿದ್ದರೆ, ನಾರ್ವೇಜಿಯನ್ನಿನಲ್ಲಿ ಅವನು ಕರ್ತೃ.

3. 'ಥಿಂಕ್'

ನಾರ್ವೇಜಿಯನ್ನಿನಲ್ಲಿ ಆಲೋಚನೆಯ ಕ್ರಿಯೆಗೆ 'ತೆಂಕೆ', ಖಚಿತವಿಲ್ಲದ ನಂಬಿಕೆಗೆ 'ತ್ರೂ', ಸ್ವಾನುಭವದಿಂದ ಮೂಡಿದ ಅಭಿಪ್ರಾಯಕ್ಕೆ 'ಸೀನೆಸ್' ಬರುತ್ತವೆ. ನೋಡಿದ ಚಲನಚಿತ್ರ ಚೆನ್ನಾಗಿದೆಯೆನ್ನಲು 'ಸೀನೆಸ್'. ನೋಡದೆಯೇ ಚೆನ್ನಾಗಿರಬಹುದೆಂದು ಭಾವಿಸಿದರೆ 'ತ್ರೂ'. ಕನ್ನಡದಲ್ಲಿ ಇವುಗಳಿಗೆ ಕ್ರಮವಾಗಿ 'ವಿಚಾರ ಮಾಡು', 'ಅಂದುಕೊಳ್ಳು', 'ಅನಿಸು' ಎಂಬ ಮೂರು ದಾರಿಗಳಿವೆ. ಆದರೆ ಇಲ್ಲಿಯೂ ಒಂದಕ್ಕೊಂದು ಹೊಂದಿಸುವುದು ಅಪಾಯಕರ. 'ಮಳಿ ಬರ್ತೈತಿ ಅನಸ್ತೈತಿ' ಎಂಬಲ್ಲಿ 'ಅನಿಸು' ಊಹೆಯನ್ನು ಸೂಚಿಸುತ್ತದೆ. ಅಲ್ಲಿ ನಾರ್ವೇಜಿಯನ್ನಿಗೆ ಬೇಕಾದದ್ದು 'ತ್ರೂ', 'ಸೀನೆಸ್' ಅಲ್ಲ.

ಇತಿಹಾಸದ ದೃಷ್ಟಿಯಿಂದ ಇದು ಇನ್ನಷ್ಟು ಗಮನಾರ್ಹ. ಪ್ರಾಚೀನ ಇಂಗ್ಲಿಷಿನಲ್ಲಿ 'ಆಲೋಚಿಸು' ಮತ್ತು 'ತೋರು' ಎಂಬರ್ಥದ ಎರಡು ಬೇರೆ ಕ್ರಿಯಾಪದಗಳಿದ್ದವು. ಎರಡನೆಯದರಲ್ಲಿ ಅನುಭವಿಸುವವನು ಚತುರ್ಥಿಯಲ್ಲಿರುತ್ತಿದ್ದನು. ಕಾಲಕ್ರಮದಲ್ಲಿ ಇವೆರಡೂ 'ಥಿಂಕ್' ಎಂಬ ಒಂದೇ ರೂಪದಲ್ಲಿ ಬೆರೆತವು. 'ಸೀನೆಸ್' ಪದದ ಪ್ರಾಚೀನ ನಾರ್ಸ್ ರೂಪಕ್ಕೂ ಚತುರ್ಥಿಯ ಅನುಭವಿ ಇದ್ದನು. 'ನನಗ ಅನಸ್ತೈತಿ' ಎಂಬ ರಚನೆಯನ್ನು ಕನ್ನಡದ ವಿಲಕ್ಷಣತೆಯೆಂದು ವಿದ್ಯಾರ್ಥಿಗಳಿಗೆ ಬೋಧಿಸುವಾಗ ಈ ಸಂಗತಿಯನ್ನು ಮರೆಯಬಾರದು. ಆ ವಿನ್ಯಾಸವನ್ನು ಕಳೆದುಕೊಂಡದ್ದು ಇಂಗ್ಲಿಷ್.

4. 'ಅಂಕಲ್'

ಮೇಲಿನ ಸಮೀಕ್ಷಾಪಟ್ಟಿಯಲ್ಲಿ, ನನ್ನ 'ಅಂಕಲ್' ಮಗ ಒಬ್ಬನ ಸಹೋದರಿಯನ್ನು ಮದುವೆಯಾಗಿದ್ದಾನೆಂಬ ಅರ್ಥದ ವಾಕ್ಯವೊಂದಿದೆ. ಅದನ್ನು ಗದಗ ಸೀಮೆಯ ಕನ್ನಡಕ್ಕೆ ತರುವವನು ಮೊದಲ ಪದದಲ್ಲಿಯೇ ನಿಲ್ಲಬೇಕಾಗುತ್ತದೆ: ತಂದೆಯ ಅಣ್ಣ ದೊಡ್ಡಪ್ಪ, ತಂದೆಯ ತಮ್ಮ ಕಾಕಾ, ತಾಯಿಯ ಸಹೋದರ ಸೋದರಮಾವ. ಕಾಕಾನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗನಾದರೋ ಹೆಣ್ಣುಮಗಳೊಬ್ಬಳಿಗೆ ವರನಾಗಬಹುದಾದವನು. ಪದದ ಆಯ್ಕೆ ತಪ್ಪಿದರೆ ಸಂಬಂಧದ ನಿಯಮವೇ ತಪ್ಪುತ್ತದೆ.

ನಾರ್ವೇಜಿಯನ್ನಿನ ಇಂದಿನ ಬಳಕೆಯಲ್ಲಿ ಇವರೆಲ್ಲರಿಗೂ 'ಉಂಕೆಲ್' ಸಾಕು. ಆದರೆ ಒಂದು ತಲೆಮಾರು ಹಿಂದೆ ಹೋದರೆ ಚಿತ್ರ ತಲೆಕೆಳಗಾಗುತ್ತದೆ: ತಂದೆಯ ತಂದೆ 'ಫಾರ್ಫಾರ್', ತಾಯಿಯ ತಂದೆ 'ಮುರ್ಫಾರ್', ನಮಗೆ ಇಬ್ಬರೂ ಅಜ್ಜಂದಿರೇ. ಇಂಗ್ಲಿಷಿನ ಮೂಲಕ ಸಾಗಿದರೆ 'ಕಾಕಾ' ಹೋಗುವಾಗ ಕಳೆದುಹೋಗುತ್ತಾನೆ, 'ಫಾರ್ಫಾರ್' ಬರುವಾಗ ಕಳೆದುಹೋಗುತ್ತಾನೆ. ನೇರ ಅನುವಾದದಲ್ಲಿ 'ಫಾರ್ಫಾರ್' ಎಂಬುದನ್ನು 'ಅಪ್ಪನ ಕಡೆಯ ಅಜ್ಜ' ಎಂದು ನಿಖರವಾಗಿ ಹೇಳಲು ಕನ್ನಡಕ್ಕೆ ಯಾವ ತೊಡಕೂ ಇಲ್ಲ.

5. ಉಪಸಂಹಾರ

ಇಲ್ಲಿ ಪರಿಶೀಲಿಸಿದ ಮೂರೂ ಪದಗಳು ಭಾಷಾಕಲಿಕೆಯ ಮೊದಲ ಹಂತದಲ್ಲಿಯೇ ಎದುರಾಗುವಂಥವು. ಆದ್ದರಿಂದಲೇ ಅವುಗಳ ಅರ್ಥ ಸರಳವೆಂಬ ಭ್ರಮೆ ಹುಟ್ಟುತ್ತದೆ. ದ್ವಿಭಾಷಾ ಕೋಶ ರಚಿಸುವ ಸಂಶೋಧಕರಿಗೆ ನಾವು ಮೂರು ಕ್ರಮಗಳನ್ನು ಸೂಚಿಸುತ್ತೇವೆ. ಇಂಗ್ಲಿಷ್ ಪದವನ್ನಲ್ಲದೆ ಬಳಕೆಯ ಸಂದರ್ಭವನ್ನು ನಮೂದಿನ ಘಟಕವಾಗಿ ತೆಗೆದುಕೊಳ್ಳಬೇಕು. ಪ್ರತಿಯೊಂದು ಕ್ರಿಯಾಪದದೊಂದಿಗೆ ಅದರ ವಿಭಕ್ತಿವಿನ್ಯಾಸವನ್ನು ದಾಖಲಿಸಬೇಕು. ಬಂಧುವಾಚಕಗಳಿಗೆ ಸಮಾನಪದದ ಬದಲು ಸಂಬಂಧದ ವಿವರಣೆಯನ್ನು ಕೊಡಬೇಕು. ಹೀಗೆ ಮಾಡಿದಲ್ಲಿ ನಾರ್ವೆಯಲ್ಲಿ ಬೆಳೆಯುತ್ತಿರುವ ಕನ್ನಡದ ಮಗು ತನ್ನ ಸೋದರಮಾವನನ್ನು ಶಾಲೆಯಲ್ಲಿ 'ಉಂಕೆಲ್' ಎಂದರೂ, ಅವನು ಕಾಕಾನಲ್ಲವೆಂಬುದನ್ನು ತಿಳಿಯಲು ಕೋಶವು ನೆರವಾಗುತ್ತದೆ.