ಸಹಿ ಹಾಕಿದ ಮೇಲೆ ಹುಟ್ಟಿದ ಪ್ರಶ್ನೆ

ಮೊನ್ನೆ ಬೆಳಿಗ್ಗೆ ನೊಯ್ಡಾದಲ್ಲಿ ಮೆಟ್ರೊ ಹತ್ತಿ ಕೂತಿದ್ದೆನಷ್ಟೆ, ಹಳೆಯ ಗೆಳತಿಯರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮನವಿಪತ್ರ ಬಂತು. ಊರಿನಲ್ಲಿ ನಾನು ಪಿಯುಸಿ ಓದಿದ ಮಹಿಳಾ ಕಾಲೇಜಿಗೆ ಮುಂದಿನ ವರ್ಷದಿಂದ ಹುಡುಗರನ್ನೂ ಸೇರಿಸಿಕೊಳ್ಳುವ ಯೋಚನೆ ಆಡಳಿತ ಮಂಡಳಿಗಿದೆಯಂತೆ. ‘ಹಳೆಯ ವಿದ್ಯಾರ್ಥಿನಿಯರೆಲ್ಲ ಸಹಿ ಮಾಡಿ, ನಮ್ಮ ಕಾಲೇಜನ್ನು ನಮ್ಮದಾಗಿಯೇ ಉಳಿಸಿಕೊಳ್ಳೋಣ’ ಎಂದು ಕೆಳಗೆ ಬರೆದಿತ್ತು. ಬೇವಿನ ಮರ, ಅದರ ಕೆಳಗಿನ ಕಲ್ಲುಬೆಂಚು, ಬುತ್ತಿ ಹಂಚಿಕೊಂಡು ತಿಂದ ಮಧ್ಯಾಹ್ನಗಳು ಎಲ್ಲ ಕಣ್ಣ ಮುಂದೆ ಬಂದವು. ಅಕ್ಷರಧಾಮ ಸ್ಟೇಷನ್ ಬರುವುದರೊಳಗೆ ಸಹಿ ಹಾಕಿಬಿಟ್ಟಿದ್ದೆ.

ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಯಾವ ಕಾಲೇಜು ಎಂದು ಕೇಳಿದೆ. ‘ಅದೊಂದು ಬೇಡ ಚಿಕ್ಕಮ್ಮ. ನೀನು ಓದಿದೀಯ ಅಂತ ನಾನೂ ಅಲ್ಲೇ ಓದಬೇಕಾ?’ ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಾನು ದೆಹಲಿಗೆ ಬಂದಿದ್ದೇ ಒಂದು ಮಹಿಳಾ ವಿದ್ಯಾಸಂಸ್ಥೆಯ ದೆಸೆಯಿಂದ. 2014ರಲ್ಲಿ ಎಂ.ಟೆಕ್‌ಗೆ ಸೀಟು ಸಿಕ್ಕಿದಾಗ, ನಿರ್ಭಯಾ ಪ್ರಕರಣ ನಡೆದು ಎರಡು ವರ್ಷವೂ ಆಗಿರಲಿಲ್ಲ. ಅಪ್ಪನ ಪಾಲಿಗೆ ದೆಹಲಿ ಎಂದರೆ ಟಿವಿಯಲ್ಲಿ ನೋಡಿದ ಆ ಬಸ್ಸು. ನಾನು ಎಷ್ಟು ಹೇಳಿದರೂ ಒಪ್ಪದವರು, ಪ್ರವೇಶಪತ್ರವನ್ನು ಕನ್ನಡಕದ ಹತ್ತಿರ ಹಿಡಿದು ‘ಇಂದಿರಾ ಗಾಂಧಿ ದೆಹಲಿ ಮಹಿಳಾ ತಾಂತ್ರಿಕ ವಿಶ್ವವಿದ್ಯಾಲಯ’ ಎಂಬ ಹೆಸರನ್ನು ಎರಡು ಸಲ ಓದಿದರು. ‘ಹೆಣ್ಮಕ್ಕಳದ್ದೇನು? ಹಂಗಾದ್ರೆ ಹೋಗವ್ವ’ ಎಂದರು. ಹೆಸರಿನಲ್ಲಿ ‘ಮಹಿಳಾ’ ಎಂಬ ಒಂದು ಪದ ಇಲ್ಲದಿದ್ದರೆ ನಾನು ಇವತ್ತು ಈ ಅಂಕಣ ಬರೆಯುತ್ತಿರಲಿಲ್ಲ.

1998ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾಗಿ 2013ರಲ್ಲಿ ವಿಶ್ವವಿದ್ಯಾಲಯವಾದ ಸಂಸ್ಥೆ ಅದು. ಇರುವುದು ಹಳೆ ದೆಹಲಿಯ ಕಶ್ಮೀರಿ ಗೇಟ್‌ನಲ್ಲಿ. ಬಿಡಲು ಬಂದ ಅಪ್ಪ ಗೇಟಿನ ಒಳಗೆ ಹುಡುಗರು ಓಡಾಡುವುದನ್ನು ನೋಡಿ ಗಾಬರಿಯಾದರು. ಅದೇ ಆವರಣದಲ್ಲಿ ಅಂಬೇಡ್ಕರ್ ವಿಶ್ವವಿದ್ಯಾಲಯವೂ ಇದೆ, ಅಲ್ಲಿ ಗಂಡು ಹೆಣ್ಣು ಇಬ್ಬರೂ ಓದುತ್ತಾರೆ ಎಂದು ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು.

ಅಪ್ಪನ ಭಯ ಹೊಸದೇನಲ್ಲ. ಗಂಡಸರ ಜೊತೆ ಕೂತು ವೈದ್ಯಕೀಯ ಓದಲು ಮನೆಯವರು ಒಪ್ಪದ ಕಾಲದಲ್ಲಿ, 1916ರಲ್ಲಿ, ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು ಶುರುವಾಯಿತು. 1924ರಲ್ಲಿ ಇಂದ್ರಪ್ರಸ್ಥ ಕಾಲೇಜು ಬಂತು. ಅದಕ್ಕೂ ಮೊದಲೇ, 1881ರಲ್ಲಿ, ನಮ್ಮ ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಹುಟ್ಟಿತ್ತು. ಮಗಳನ್ನು ಓದಿಸಬೇಕೆಂಬ ಆಸೆ ಮತ್ತು ಕಳಿಸಲು ಹೆದರಿಕೆ ಎರಡೂ ಇದ್ದ ಮನೆಗಳಿಗೆ ಇವು ಒಂದು ದಾರಿ ತೋರಿಸಿದವು.

ಆದರೆ ಸುರಕ್ಷತೆಯೊಂದೇ ಕಾರಣವಾದರೆ ಮಹಿಳಾ ಕಾಲೇಜಿನ ಪರವಾದ ವಾದ ನಿಲ್ಲುವುದಿಲ್ಲ. 2020ರ ಫೆಬ್ರುವರಿಯಲ್ಲಿ ದೆಹಲಿಯ ಗಾರ್ಗಿ ಕಾಲೇಜಿನ ಉತ್ಸವಕ್ಕೆ ಗಂಡಸರ ಗುಂಪು ನುಗ್ಗಿ ವಿದ್ಯಾರ್ಥಿನಿಯರಿಗೆ ಕಿರುಕುಳ ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಇಂದ್ರಪ್ರಸ್ಥ ಕಾಲೇಜಿನ ಗೋಡೆ ಹಾರಿ ಬಂದರು. ಗೋಡೆ ಕಟ್ಟಿದರೆ ಹೆಣ್ಣುಮಕ್ಕಳು ಕ್ಷೇಮ ಎನ್ನುವುದು ಅರ್ಧಸತ್ಯ. ಆ ಗೋಡೆ ಒಳಗಿನವರನ್ನು ಕಟ್ಟಿಹಾಕುವುದೂ ಉಂಟು. ಸಂಜೆಯಾದರೆ ಹಾಸ್ಟೆಲಿಗೆ ಬೀಗ ಹಾಕುವ ನಿಯಮದ ವಿರುದ್ಧ 2015ರಲ್ಲಿ ಇದೇ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’, ಅಂದರೆ ಪಂಜರ ಮುರಿಯಿರಿ, ಎಂಬ ಚಳವಳಿಯನ್ನೇ ನಡೆಸಿದರು.

ಹಾಗಾದರೆ ನನಗೆ ಅಲ್ಲಿ ಸಿಕ್ಕಿದ್ದೇನು? ಬಿ.ಇ. ಓದಿದ್ದು ಹುಡುಗರೂ ಇದ್ದ ಕಾಲೇಜಿನಲ್ಲಿ. ಲ್ಯಾಬಿನಲ್ಲಿ ಮೂರು ಮಂದಿಗೆ ಒಂದು ಕಂಪ್ಯೂಟರ್. ಕೀಬೋರ್ಡ್ ಹುಡುಗನ ಕೈಲಿ, ರೆಕಾರ್ಡ್ ಪುಸ್ತಕ ನಮ್ಮ ಕೈಲಿ. ಯಾರೂ ಜಗಳ ಮಾಡಿ ಕಿತ್ತುಕೊಂಡಿದ್ದಲ್ಲ, ಅದು ಹಾಗೇ ನಡೆದುಹೋಗುತ್ತಿತ್ತು. ‘ನಿಮ್ಮ ಅಕ್ಷರ ಚೆನ್ನಾಗಿದೆ’ ಎಂದರೆ ನಾವೂ ಹಿಗ್ಗುತ್ತಿದ್ದೆವು. ಕಶ್ಮೀರಿ ಗೇಟ್‌ನಲ್ಲಿ ಮೊದಲ ವಾರವೇ ಲ್ಯಾಬಿನ ಸರ್ವರ್ ಕೈಕೊಟ್ಟಿತು. ಯಾರಾದರೂ ಬಂದು ನೋಡುತ್ತಾರೆ ಎಂದು ನಾನು ಕಾಯುತ್ತಾ ಕೂತೆ. ಯಾರೂ ಬರಲಿಲ್ಲ, ಅಲ್ಲಿದ್ದವರು ನಾವೇ. ಕೊನೆಗೆ ನಾನೂ ಹರಿಯಾಣದ ಒಬ್ಬ ಹುಡುಗಿಯೂ ಸೇರಿ ಅದನ್ನು ಬಿಚ್ಚಿ ಸರಿಮಾಡಿದೆವು. ಇವತ್ತು ಆಫೀಸಿನಲ್ಲಿ ಮಧ್ಯರಾತ್ರಿ ಸಿಸ್ಟಮ್ ಬಿದ್ದರೂ ಕೈ ನಡುಗುವುದಿಲ್ಲ, ಅದಕ್ಕೆ ಆ ದಿನವೇ ಕಾರಣ.

ಬಾಗಿಲು ತೆರೆದಿಟ್ಟರೆ ಹೆಣ್ಣುಮಕ್ಕಳು ತಾವಾಗಿಯೇ ಬರುತ್ತಾರೆ ಎನ್ನುವವರು ಐಐಟಿಗಳನ್ನು ನೋಡಬೇಕು. ಅಲ್ಲಿ ಹುಡುಗಿಯರಿಗೆ ಯಾವತ್ತೂ ತಡೆ ಇರಲಿಲ್ಲ. ಆದರೂ 2016ರಲ್ಲಿ ಬಿ.ಟೆಕ್‌ಗೆ ಸೇರಿದವರಲ್ಲಿ ಹುಡುಗಿಯರು ಶೇ 8ರಷ್ಟು ಮಾತ್ರ. 2018ರಿಂದ ಅವರಿಗಾಗಿಯೇ ಹೆಚ್ಚುವರಿ ಸೀಟು ಕೊಡಲು ಶುರುಮಾಡಿ, ಶೇ 14ರ ಗುರಿಯಿಂದ 2020ಕ್ಕೆ ಶೇ 20ರ ಗುರಿಗೆ ತಂದರು. ಜಾಗ ಮಾಡಿಕೊಡುವುದು ಬೇರೆ, ಬಾಗಿಲು ತೆರೆಯುವುದು ಬೇರೆ.

ಹಳೆಯ ವಿದ್ಯಾರ್ಥಿನಿಯರು ಹೋರಾಡಿ ಗೆದ್ದದ್ದಿದೆಯೇ ಎಂದು ಹುಡುಕಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜು 1990ರ ಮೇ 3ರಂದು ಹುಡುಗರನ್ನು ಸೇರಿಸಿಕೊಳ್ಳಲು ತೀರ್ಮಾನಿಸಿತು. ವಿದ್ಯಾರ್ಥಿನಿಯರು ಮುಷ್ಕರ ಹೂಡಿದರು, ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿಕೊಡುವ ಮಾತು ಕೊಟ್ಟರು. ಮೇ 18ಕ್ಕೆ ಆಡಳಿತ ಮಂಡಳಿ ತೀರ್ಮಾನ ಹಿಂತೆಗೆದುಕೊಂಡಿತು. ಆದರೆ ಮುಂದೆ ಹಣಕಾಸಿನ ಮುಗ್ಗಟ್ಟು ಬಿಡಲಿಲ್ಲ. 2022ರಲ್ಲಿ ಕಾಲೇಜು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಗಿ ಸಹಶಿಕ್ಷಣಕ್ಕೆ ತೆರೆದುಕೊಂಡಿತು. ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜು 2015ರ ಮಾರ್ಚ್‌ನಲ್ಲಿ ಮುಚ್ಚುತ್ತೇವೆ ಎಂದಾಗ ಹಳೆಯ ವಿದ್ಯಾರ್ಥಿನಿಯರು ಕೋರ್ಟಿಗೂ ಹೋದರು, ಹಣವನ್ನೂ ಕೂಡಿಸಿದರು. ಅದು ಇಂದಿಗೂ ಮಹಿಳಾ ಕಾಲೇಜಾಗಿಯೇ ನಡೆಯುತ್ತಿದೆ. ಇತ್ತ ನಮ್ಮ ಬೆಂಗಳೂರಿನ ಮೌಂಟ್ ಕಾರ್ಮೆಲ್‌ನಂಥ ಹೆಸರಾಂತ ಕಾಲೇಜೇ ಹುಡುಗರಿಗೆ ಬಾಗಿಲು ತೆರೆದಿದೆ. ಒಮ್ಮೆ ಗೆದ್ದರೆ ಸಾಲದು, ಪ್ರತಿ ವರ್ಷ ಬೆಂಚು ತುಂಬಬೇಕು.

ಈ ಯೋಚನೆಯಲ್ಲೇ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದೆ: ‘ನಮ್ಮಲ್ಲಿ ಎಷ್ಟು ಜನ ಸ್ವಂತ ಮಗಳನ್ನೋ ಅಕ್ಕನ ಮಗಳನ್ನೋ ಈ ಕಾಲೇಜಿಗೆ ಕಳಿಸಿದ್ದೇವೆ?’ ಎಲ್ಲರೂ ಓದಿದರು, ಒಬ್ಬರೂ ಉತ್ತರಿಸಲಿಲ್ಲ. ಗಂಟೆಯ ಮೇಲೆ, ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಬರೆದಳು: ‘ನಿಮ್ಮ ಮಕ್ಕಳು ಬರಲ್ಲ ಕಣ್ರೇ. ಬರೋರು ಹಳ್ಳಿಯಿಂದ ಮೊದಲ ಬಸ್ಸಿಗೆ ಬರೋ ಹುಡುಗೀರು. ಹುಡುಗರನ್ನ ಸೇರಿಸಿಕೊಂಡ್ರೆ ನಮ್ಮನ್ನ ಮನೇಲಿ ಬಿಡಿಸ್ತಾರೆ ಮೇಡಂ ಅಂತ ಈ ವಾರ ಮೂರು ಜನ ಹೇಳಿದ್ರು.’

ದೆಹಲಿ ಮೆಟ್ರೊದಲ್ಲಿ 2010ರಿಂದ ಮೊದಲ ಕೋಚ್ ಮಹಿಳೆಯರಿಗೆ ಮೀಸಲು. ನಾನು ದಿನವೂ ಅದನ್ನು ಹತ್ತುವುದಿಲ್ಲ. ಬೇರೆ ಕೋಚಿನಲ್ಲಿ ನಿಂತರೆ ‘ನಿಮ್ಮದು ಮುಂದಿದೆಯಲ್ಲ’ ಎನ್ನುವವರೂ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟೂ ಬರುತ್ತದೆ. ಹಾಗೆಂದು ಆ ಕೋಚ್ ತೆಗೆಯಿರಿ ಎನ್ನಲಾರೆ. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಬರುವ ಯಾರಿಗೋ ಅದು ಬೇಕು. ಅಕ್ಕನ ಮಗಳು ತನಗೆ ಬೇಕಾದ ಕಾಲೇಜಿಗೆ ಸೇರಲಿ. ಅವಳ ಅಪ್ಪ ಅಮ್ಮ ಎಲ್ಲಿಗಾದರೂ ಕಳಿಸುತ್ತಾರೆ. ಆ ಮೂವರಿಗೆ ಇರುವುದು ಇದೊಂದೇ ಕಾಲೇಜು.

ಹಾಗಾಗಿ ಸಹಿಯನ್ನು ಅಳಿಸಲಿಲ್ಲ. ಬೇವಿನ ಮರದ ನೆನಪಿನ ಬದಲು ಈ ಹುಡುಗಿಯರ ಮಾತನ್ನು ಮನವಿಯ ಮೊದಲ ಸಾಲಾಗಿ ಬರೆಯೋಣ ಎಂದೆ. ಸಹಿ ಹಾಕಿದವರೆಲ್ಲ ಒಬ್ಬೊಬ್ಬ ವಿದ್ಯಾರ್ಥಿನಿಯ ಫೀಸಿನ ಹೊಣೆ ಹೊರಬೇಕೆಂದೂ ಸೇರಿಸಿದೆ. ಕೆಲವರು ಒಪ್ಪಿದ್ದಾರೆ, ಕೆಲವರು ಗ್ರೂಪು ಬಿಟ್ಟಿದ್ದಾರೆ. ಆಡಳಿತ ಮಂಡಳಿ ಇನ್ನೂ ಏನೂ ಹೇಳಿಲ್ಲ.

ನಾನು ಶನಿವಾರ ಸಂಜೆ ಆನ್‌ಲೈನ್‌ನಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡಲು ಶುರುಮಾಡಿದ್ದೇನೆ. ಮೊದಲ ದಿನ ಹನ್ನೊಂದು ಹುಡುಗಿಯರು ಬಂದಿದ್ದರು. ಪಾಠ ಮುಗಿದು ಏನಾದರೂ ಕೇಳುವುದಿದೆಯಾ ಎಂದಾಗ, ಪ್ರೋಗ್ರಾಮಿಂಗ್ ಬಗ್ಗೆ ಯಾರೂ ಕೇಳಲಿಲ್ಲ. ಒಬ್ಬಳು ಮಾತ್ರ ಮೆಲ್ಲಗೆ ಕೇಳಿದಳು: ‘ಮೇಡಂ, ದೆಹಲಿಗೆ ಹೋಗೋಕೆ ಮನೇಲಿ ಹೆಂಗೆ ಒಪ್ಪಿಸಿದ್ರಿ?’