ಎಲುಬಿಗೆ ಲೋಹದ ಆಸರೆ: ಆರಿಸುವ ಮುನ್ನ

ಊರಿನಿಂದ ಮಗನ ಮನೆಗೆ ಬಂದ ವೃದ್ಧ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದು ನಮ್ಮ ಮುಂಬಯಿ ಸಂಸಾರಗಳಿಗೆ ಹೊಸತಲ್ಲ. ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದದೊಡನೆ "ಸ್ಟೀಲೋ, ಟೈಟಾನಿಯಮ್ಮೋ? ದೇಶೀಯವೋ, ವಿದೇಶೀಯವೋ?" ಎಂಬ ಪ್ರಶ್ನೆಯೂ ಎದುರಾಗುತ್ತದೆ. ದುಬಾರಿಯಾದದ್ದೇ ಉತ್ತಮವೆಂದು ನಂಬಿ ಒಡವೆ ಅಡವಿಡುವವರೂ ಉಂಟು. ಆದರೆ ಬೆಲೆಯೊಂದೇ ಗುಣದ ಅಳತೆಗೋಲಲ್ಲ.

ಮುರಿದ ಎಲುಬಿಗೆ ಹಾಕುವ ಪ್ಲೇಟು, ಸ್ಕ್ರೂ, ಸರಳುಗಳ ಕೆಲಸ ಎಲುಬು ತಾನಾಗಿ ಕೂಡಿಕೊಳ್ಳುವ ತನಕ ಆಸರೆ ನೀಡುವುದು. ತುಕ್ಕು ಹಿಡಿಯದ ಉಕ್ಕು ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ಟೈಟಾನಿಯಂ ಮಿಶ್ರಲೋಹವು ಹಗುರ. ಅದರ ಬಿಗುಪು ಉಕ್ಕಿನ ಸುಮಾರು ಅರ್ಧದಷ್ಟಿದ್ದು ಎಲುಬಿನ ಗುಣಕ್ಕೆ ಹೆಚ್ಚು ಸಮೀಪ. ಮುಂದೆ ಎಂ.ಆರ್.ಐ. ಪರೀಕ್ಷೆ ಬೇಕಾದಾಗ ಚಿತ್ರವನ್ನು ಕಡಿಮೆ ಕೆಡಿಸುವುದೂ ಅದೇ.

ಸವೆದ ಕೀಲಿನ ಬದಲಿಗೆ ಇಡುವ ಕೃತಕ ಕೀಲಾದರೋ ವರ್ಷಗಟ್ಟಲೆ ಉಜ್ಜಾಟವನ್ನು ತಾಳಬೇಕು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡನ್ನು ಪಾಲಿಥಿಲೀನ್ ಬಟ್ಟಲಿನಲ್ಲಿ ಕೂರಿಸಿ ತೋರಿದ ಮಾರ್ಗವು ಇಂದಿಗೂ ಹಳತಾಗಿಲ್ಲ. ಹೊಸತೆಲ್ಲವೂ ಮೇಲಲ್ಲ ಎಂಬುದಕ್ಕೆ, ಲೋಹಕ್ಕೆ ಲೋಹವೇ ಉಜ್ಜುವ ಒಂದು ಬಗೆಯ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದೆಗೆದುಕೊಂಡದ್ದೇ ಸಾಕ್ಷಿ.

ಬೆಲೆಯ ಹೊರೆಯನ್ನು ಇಳಿಸಲು ಕೇಂದ್ರ ಸರ್ಕಾರವು 2017ರ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು ತೆರಿಗೆಯ ಹೊರತು 54,720 ರೂ. ನಮ್ಮ ಪವಾಯಿಯ ಐ.ಐ.ಟಿ.ಯ ತಂತ್ರಜ್ಞರು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರೊಡಗೂಡಿ, ಕ್ಯಾನ್ಸರ್ ಗಡ್ಡೆಯಿಂದ ಎಲುಬು ಕಳೆದುಕೊಂಡವರಿಗಾಗಿ ಮೊಣಕಾಲಿನ ದೇಶೀಯ ಕೃತಕ ಕೀಲನ್ನು ರೂಪಿಸಿದುದು ನೆನೆಯತಕ್ಕ ವಿಷಯ.

ಹಾಗಾದರೆ ವೈದ್ಯರಲ್ಲಿ ಕೇಳಬೇಕಾದದ್ದೇನು? ಈ ರೋಗಿಯ ವಯಸ್ಸು, ಎಲುಬಿನ ಬಲ, ನಡೆದಾಟಕ್ಕೆ ಇದೇ ಏಕೆ ತಕ್ಕುದು? ಎಷ್ಟು ವರ್ಷಗಳಿಂದ ಬಳಕೆಯಲ್ಲಿದೆ? ತಮಗೆ ಇದರ ಅಭ್ಯಾಸ ಎಷ್ಟು? ಎಷ್ಟೇ ಉತ್ತಮ ಲೋಹವಾದರೂ ಅದನ್ನು ಕೂರಿಸುವ ಕೈ ಪಳಗಿರಬೇಕು. ಆದರೆ ಸೊಂಟ ಮುರಿದ ವೃದ್ಧರ ಶಸ್ತ್ರಕ್ರಿಯೆಯನ್ನು ಈ ಚರ್ಚೆಗಾಗಿ ದಿನಗಟ್ಟಲೆ ಮುಂದೂಡುವುದು ಅಪಾಯಕರ.

ಕೊನೆಯದಾಗಿ ಒಂದು ಮಾತು. ತಯಾರಕರ ಹೆಸರು, ಅಳತೆ, ತಂಡದ ಸಂಖ್ಯೆಗಳಿರುವ ಚೀಟಿಯ ಪ್ರತಿಯನ್ನು ತಪ್ಪದೆ ಕೇಳಿ ಪಡೆಯಿರಿ. ನಾಳೆ ತಾಯಿ ಊರಿಗೆ ಮರಳಿದಾಗ, ಆ ಸ್ಕ್ರೂ ತೆಗೆಯಬೇಕಾದ ಅಥವಾ ಕೀಲು ಬದಲಿಸಬೇಕಾದ ವೈದ್ಯರಿಗೆ ಸರಿಹೊಂದುವ ಉಪಕರಣ ಯಾವುದೆಂದು ತಿಳಿಸುವುದು ಆ ಚಿಕ್ಕ ಚೀಟಿಯೇ.